ಮಾತ್ರೆಯ ಮಿತಿ: ಲಿಥಿಯಂ ಲವಣದ ಚರಿತ್ರೆ

ಕನ್ನಡದಲ್ಲಿ ‘ಮಾತ್ರೆ’ ಎಂಬ ಶಬ್ದಕ್ಕೆ ಮೂರು ಅರ್ಥಗಳು ರೂಢವಾಗಿವೆ. ಛಂದಸ್ಸಿನಲ್ಲಿ ಅದು ಹ್ರಸ್ವಾಕ್ಷರವೊಂದರ ಉಚ್ಚಾರಣೆಗೆ ಬೇಕಾಗುವ ಕಾಲದ ಅಳತೆ. ಆಯುರ್ವೇದದಲ್ಲಿ ರೋಗಿಗೆ ಕೊಡತಕ್ಕ ಔಷಧದ ಪ್ರಮಾಣ. ಲೋಕವ್ಯವಹಾರದಲ್ಲಿ ನುಂಗುವ ಗುಳಿಗೆ. ಗುಳಿಗೆಗೂ ಅಳತೆಗೂ ಒಂದೇ ಹೆಸರು ಸಂದಿರುವುದು ಅರ್ಥವತ್ತಾಗಿದೆ. ಯುಕ್ತಿಯಿಂದ ಪ್ರಯೋಗಿಸಿದ ವಿಷವು ಔಷಧವಾಗಬಲ್ಲುದೆಂದೂ, ಯುಕ್ತಿ ತಪ್ಪಿದ ಔಷಧವು ವಿಷಕ್ಕೆ ಸಮಾನವೆಂದೂ ಚರಕಾಚಾರ್ಯರು ಬಹು ಹಿಂದೆಯೇ ಪ್ರತಿಪಾದಿಸಿರುವರು. ಈ ತತ್ತ್ವಕ್ಕೆ ಆಧುನಿಕ ವೈದ್ಯದ ಚರಿತ್ರೆಯಲ್ಲಿ ಲಿಥಿಯಂ ಎಂಬ ಲವಣಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ. ಹಿತಕ್ಕೂ ಅಹಿತಕ್ಕೂ ನಡುವೆ ಅತ್ಯಲ್ಪ ಅಂತರವಿರುವ ಈ ದ್ರವ್ಯವು ಮನುಷ್ಯನ ಮನಸ್ಸಿಗೆ ನೆಮ್ಮದಿಯನ್ನು ಕೊಟ್ಟಿತು; ಅದಕ್ಕೆ ಬೆಲೆಯಾಗಿ ಅವನ ದೇಹದಿಂದ ಕೆಲವನ್ನು ಕಿತ್ತುಕೊಂಡಿತು. ಆ ಬೆಲೆಯನ್ನು ತಗ್ಗಿಸುವುದಕ್ಕಾಗಿ ವೈದ್ಯರೂ ರೋಗಿಗಳೂ ನಡೆಸಿದ ಪ್ರಯತ್ನವೇ ಇಲ್ಲಿಯ ವಿಷಯ.

ಈ ಲವಣವನ್ನು ಮುಖ್ಯವಾಗಿ ಕೊಡುವುದು ಬೈಪೋಲಾರ್ ಎಂದು ಈಗ ಕರೆಯುವ ದ್ವಿಧ್ರುವ ಮನೋವ್ಯಾಧಿಗೆ. ಇದರಲ್ಲಿ ರೋಗಿಯು ಕೆಲವು ಕಾಲ ಅತ್ಯುತ್ಸಾಹದ ಉನ್ಮಾದದಲ್ಲಿರುವನು. ನಿದ್ರೆ ಬೇಡವಾಗುವುದು, ಮಾತು ನಿಲ್ಲದು, ಹಣ ನೀರಿನಂತೆ ಖರ್ಚಾಗುವುದು. ಮತ್ತೆ ಕೆಲವು ಕಾಲ ಘೋರವಾದ ವಿಷಾದದಲ್ಲಿ ಮುಳುಗುವನು. ಏಳುವುದೇ ಭಾರ, ಬದುಕೇ ಬೇಸರ. ಇವೆರಡರ ಮಧ್ಯೆ ಸ್ವಸ್ಥನಾಗಿ ಸಂಸಾರವನ್ನೂ ಉದ್ಯೋಗವನ್ನೂ ನಡೆಸಿಕೊಂಡು ಹೋಗುವ ಕಾಲವೂ ಉಂಟು. ಚರಕಸಂಹಿತೆಯಲ್ಲಿ ವಾತ, ಪಿತ್ತ, ಕಫ, ಸನ್ನಿಪಾತ, ಆಗಂತು ಎಂದು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿದೆ. ಉನ್ಮಾದ ವಿಷಾದಗಳೆರಡೂ ಒಂದೇ ವ್ಯಾಧಿಯ ಎರಡು ಮುಖಗಳೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮತ್ತು ಜರ್ಮನಿಯ ವೈದ್ಯರು ಸ್ಥಾಪಿಸಿದರು. ಹೆಸರಿಟ್ಟರೂ ಮದ್ದು ದೊರೆಯಲಿಲ್ಲ. ಉನ್ಮತ್ತನನ್ನು ಆಸ್ಪತ್ರೆಯ ಗೋಡೆಗಳೊಳಗೆ ಕೂಡಿಹಾಕಿ, ನಿದ್ರೆಯ ಔಷಧಗಳಿಂದ ಮಂಕು ಮಾಡಿ, ವೇಗವು ತಾನಾಗಿ ಇಳಿಯುವವರೆಗೆ ಕಾಯುವುದೇ ಬಹುಕಾಲದ ಚಿಕಿತ್ಸೆಯಾಗಿದ್ದಿತು.

ಲಿಥಿಯಂ ಮೊದಲು ದೊರೆತುದು ಕಲ್ಲಿನಲ್ಲಿ. ಸ್ವೀಡನ್ ದೇಶದ ಊಟೋ ದ್ವೀಪದ ಗಣಿಯಲ್ಲಿ ಸಿಕ್ಕಿದ ಪೆಟಲೈಟ್ ಎಂಬ ಖನಿಜವನ್ನು 1817ರಲ್ಲಿ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಎಂಬ ತರುಣನು ಪರೀಕ್ಷಿಸುತ್ತಿರಲು, ಅದರಲ್ಲಿ ಅದುವರೆಗೆ ತಿಳಿಯದಿದ್ದ ಒಂದು ಕ್ಷಾರಧಾತುವು ಇರುವುದು ಗೊತ್ತಾಯಿತು. ಅವನ ಗುರುವಾದ ಬರ್ಜೀಲಿಯಸ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನು, ಸಸ್ಯಗಳ ಬೂದಿಯಲ್ಲಲ್ಲದೆ ಕಲ್ಲಿನಲ್ಲಿ ದೊರೆತುದರಿಂದ, ಗ್ರೀಕ್ ಭಾಷೆಯಲ್ಲಿ ಶಿಲೆ ಎಂಬ ಅರ್ಥವುಳ್ಳ ಶಬ್ದದಿಂದ ಅದಕ್ಕೆ ಹೆಸರಿಟ್ಟನು. ಲೋಹಗಳಲ್ಲೆಲ್ಲಾ ಅತ್ಯಂತ ಹಗುರವಾದುದು ಇದು.

ಈ ಧಾತುವಿನ ಲವಣಗಳು ಯೂರಿಕ್ ಆಮ್ಲವನ್ನು ಕರಗಿಸುವುವೆಂಬ ಅಂಶವು ಮುಂದೆ ತಿಳಿದುಬಂದಿತು. ಸಂಧಿವಾತವು ಯೂರಿಕ್ ಆಮ್ಲವು ಕೂಡಿಕೊಳ್ಳುವುದರಿಂದ ಉಂಟಾಗುವುದೆಂದು ತೋರಿಸಿದ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, 1859ರ ತನ್ನ ಗ್ರಂಥದಲ್ಲಿ ಲಿಥಿಯಂ ಲವಣವನ್ನು ಆ ರೋಗಕ್ಕೆ ವಿಧಿಸಿದನು. ಆ ಕಾಲದಲ್ಲಿ ದೇಹದ ಎಷ್ಟೋ ವಿಕಾರಗಳಿಗೂ ಮನೋವಿಕಾರಗಳಿಗೂ ಯೂರಿಕ್ ಆಮ್ಲವೇ ಮೂಲವೆಂಬ ನಂಬಿಕೆ ಹಬ್ಬಿದ್ದಿತು. ಆ ದಾರಿಯನ್ನೇ ಹಿಡಿದು ಡೆನ್ಮಾರ್ಕಿನ ಕಾರ್ಲ್ ಲಾಂಗೆ, ಕಾಲಕಾಲಕ್ಕೆ ಮರಳಿಬರುವ ವಿಷಾದರೋಗಕ್ಕೆ ಲಿಥಿಯಂ ಕೊಟ್ಟು, 1886ರಲ್ಲಿ ಆ ರೋಗವನ್ನು ಕುರಿತು ಬರೆದನು. ಕಾರಣವು ತಪ್ಪು, ಕಾರ್ಯವು ಸರಿಯಾಗಿದ್ದಿರಬಹುದು. ಯೂರಿಕ್ ಆಮ್ಲದ ವಾದವು ಬಿದ್ದುಹೋದಾಗ ಅದರೊಡನೆ ಈ ಚಿಕಿತ್ಸೆಯೂ ಮರೆಯಾಯಿತು. ಲಿಥಿಯಂ ಆಸ್ಪತ್ರೆಯಿಂದ ಅಂಗಡಿಗೆ ಇಳಿಯಿತು. ಆರೋಗ್ಯಕರವೆಂಬ ಹೆಸರಿನಲ್ಲಿ ಲಿಥಿಯಾ ನೀರನ್ನು ಸೀಸೆಗಳಲ್ಲಿ ಮಾರಿದರು. 1929ರಲ್ಲಿ ಅಮೆರಿಕದಲ್ಲಿ ಬಂದು ಮುಂದೆ ಸೆವೆನ್ ಅಪ್ ಎಂದು ಪ್ರಸಿದ್ಧವಾದ ನಿಂಬೆಯ ಪಾನೀಯದಲ್ಲಿಯೂ ಮೊದಲು ಇದನ್ನು ಸೇರಿಸುತ್ತಿದ್ದರು.

ಇದನ್ನು ಮನೋವೈದ್ಯಕ್ಕೆ ಮರಳಿ ತಂದವನು ಆಸ್ಟ್ರೇಲಿಯದ ಜಾನ್ ಕೇಡ್. ಈತನು ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯನಾಗಿದ್ದು, 1942ರಲ್ಲಿ ಸಿಂಗಪುರವು ಜಪಾನೀಯರ ವಶವಾದಾಗ ಸೆರೆಸಿಕ್ಕಿ, ಚಾಂಗಿಯ ಬಂದೀಶಿಬಿರದಲ್ಲಿ ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದನು. ಉನ್ಮಾದವು ದೇಹದಲ್ಲಿ ಯಾವುದೋ ಒಂದು ದ್ರವ್ಯವು ಮಿತಿಮೀರುವುದರಿಂದ ಉಂಟಾಗುವ ಮತ್ತತೆಯೆಂದು ಅವನು ಊಹಿಸಿದನು. ಬಿಡುಗಡೆಯಾದ ಮೇಲೆ ಮೆಲ್ಬೋರ್ನಿನ ಬಂಡೂರ ಆಸ್ಪತ್ರೆಯಲ್ಲಿ, ಉಪಯೋಗದಲ್ಲಿಲ್ಲದ ಒಂದು ಅಡುಗೆಯ ಕೋಣೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿ ನೋಡತೊಡಗಿದನು. ಯೂರಿಕ್ ಆಮ್ಲದ ಪ್ರಭಾವವನ್ನು ಅಳೆಯಬೇಕಾಗಿ ಬಂದಾಗ, ಅದು ನೀರಿನಲ್ಲಿ ಸುಲಭವಾಗಿ ಕರಗದುದರಿಂದ, ಕರಗುವ ಲಿಥಿಯಂ ಯೂರೇಟನ್ನು ಉಪಯೋಗಿಸಿದನು. ಗಿನಿಯಿಲಿಗಳು ನಿರೀಕ್ಷಿಸಿದಂತೆ ಕೆರಳುವುದಕ್ಕೆ ಬದಲಾಗಿ ಶಾಂತವಾದುವು. ಆ ಜಂತುಗಳಲ್ಲಿ ಕಂಡ ಶಾಂತಿಯು ಬಹುಶಃ ವಿಷದ ಮಂಪರವೇ ಆಗಿದ್ದಿತೆಂದು ಈಚಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಹೇಗಾದರೂ ಆಗಲಿ, ಕೇಡ್ ಆ ಲವಣವನ್ನು ಮೊದಲು ತಾನೇ ಸೇವಿಸಿ ಅಪಾಯವಿಲ್ಲವೆಂದು ಕಂಡುಕೊಂಡು, ಅನಂತರ ರೋಗಿಗಳಿಗೆ ಕೊಟ್ಟನು.

ಅವನ ಮೊದಲನೆಯ ರೋಗಿಯು ಐವತ್ತೊಂದು ವರ್ಷದವನು. ಐದು ವರ್ಷಗಳಿಂದ ಉನ್ಮಾದವಿಳಿಯದೆ, ವಾರ್ಡಿನಲ್ಲೆಲ್ಲಾ ಉಪದ್ರವಕಾರಿಯೆಂದು ಹೆಸರಾದವನು. 1948ರ ಮಾರ್ಚ್ ತಿಂಗಳ ಕೊನೆಯಲ್ಲಿ ಅವನಿಗೆ ಔಷಧವನ್ನು ಆರಂಭಿಸಲಾಯಿತು. ಕೆಲವೇ ವಾರಗಳಲ್ಲಿ ಅವನು ಚೇತರಿಸಿಕೊಳ್ಳುವವರ ವಾರ್ಡಿಗೆ ಬಂದನು. ಜುಲೈ ತಿಂಗಳಲ್ಲಿ ಮನೆಗೆ ಹೋಗಿ ಹಿಂದಿನ ಉದ್ಯೋಗಕ್ಕೇ ಸೇರಿಕೊಂಡನು. ಹತ್ತು ಮಂದಿ ಉನ್ಮಾದರೋಗಿಗಳ ವೃತ್ತಾಂತವನ್ನು ಸಂಗ್ರಹಿಸಿ ಕೇಡ್ 1949ರ ಸೆಪ್ಟೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ಆಧುನಿಕ ಮನೋವೈದ್ಯದ ಚರಿತ್ರೆಯಲ್ಲಿ ಈ ಚಿಕ್ಕ ಲೇಖನಕ್ಕೆ ದೊಡ್ಡ ಸ್ಥಾನವಿದೆ.

ಆದರೆ ಆ ಮೊದಲನೆಯ ರೋಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಸಮಸ್ಯೆಗಳೆಲ್ಲಾ ಅವನೊಬ್ಬನ ಬಾಳಿನಲ್ಲಿಯೇ ಬೀಜರೂಪವಾಗಿ ಕಾಣುವುವು. ಮನೆಯಲ್ಲಿದ್ದಾಗ ಅವನು ಔಷಧದ ವಿಷಯದಲ್ಲಿ ಉದಾಸೀನನಾಗಿ, ಕ್ರಮೇಣ ಬಿಟ್ಟೇ ಬಿಟ್ಟನು. ಉನ್ಮಾದವು ಮರುಕಳಿಸಿತು, 1949ರ ಜನವರಿಯಲ್ಲಿ ಮತ್ತೆ ಆಸ್ಪತ್ರೆಗೆ ಬಂದನು. ಔಷಧವನ್ನು ಪುನಃ ಕೊಡಲು ಗುಣವಾಯಿತು. ಮುಂದೆ ಅದೇ ಲವಣವು ಅವನ ದೇಹದಲ್ಲಿ ವಿಷವಾಗಿ ಪರಿಣಮಿಸಿತು. ನಿಲ್ಲಿಸಿದರೆ ಉನ್ಮಾದ, ಕೊಟ್ಟರೆ ವಿಷ; ಈ ಇಕ್ಕಟ್ಟಿನಲ್ಲಿ ಸಿಕ್ಕಿ 1950ರಲ್ಲಿ ಅವನು ಮೃತನಾದನು. ಕೇಡ್ ಇದರಿಂದ ನೊಂದು ತನ್ನ ಆಸ್ಪತ್ರೆಯಲ್ಲಿ ಆ ಔಷಧದ ಪ್ರಯೋಗವನ್ನೇ ನಿಲ್ಲಿಸಿಬಿಟ್ಟನು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಅನರ್ಥವು ನಡೆಯಿತು. ಹೃದ್ರೋಗಿಗಳಿಗೆ ಅಡುಗೆಯ ಉಪ್ಪು ನಿಷಿದ್ಧವಾದುದರಿಂದ, ಉಪ್ಪಿನ ರುಚಿಯುಳ್ಳ ಲಿಥಿಯಂ ಕ್ಲೋರೈಡನ್ನು ಬದಲಿ ಉಪ್ಪೆಂದು ಮಾರಿದರು. ಅಳತೆಯಿಲ್ಲದೆ ಊಟಕ್ಕೆ ಬೆರೆಸಿಕೊಂಡವರಲ್ಲಿ ಹಲವರು ವಿಷಪೀಡಿತರಾದರು, ಕೆಲವರು ಸತ್ತರು. 1949ರಲ್ಲಿ ಸರಕಾರದವರು ಅದನ್ನು ಮಾರುಕಟ್ಟೆಯಿಂದ ತೆಗೆಸಿದರು. ಇದರ ಕಾರಣವನ್ನು ಇಂದಿನ ರೋಗಿಗಳೂ ತಿಳಿದಿರಬೇಕಾದುದು ಅವಶ್ಯಕ. ಮೂತ್ರಪಿಂಡಗಳು ಲಿಥಿಯಂ ಲವಣವನ್ನು ಬಹುಮಟ್ಟಿಗೆ ಸೋಡಿಯಂನಂತೆಯೇ, ಎಂದರೆ ಅಡುಗೆಯ ಉಪ್ಪಿನ ಧಾತುವಿನಂತೆಯೇ, ಭಾವಿಸುವುವು. ದೇಹದಲ್ಲಿ ಉಪ್ಪು ಕಡಮೆಯಾದಾಗ ಅವು ಉಪ್ಪನ್ನು ಹೊರಗೆ ಬಿಡದೆ ಉಳಿಸಿಕೊಳ್ಳುವುವು. ಅದರೊಡನೆ ಲಿಥಿಯಂ ಕೂಡ ಉಳಿದು ರಕ್ತದಲ್ಲಿ ಏರುತ್ತಾ ಹೋಗುವುದು. ಉಪ್ಪು ಬಿಟ್ಟವರಿಗೇ ಈ ಬದಲಿ ಉಪ್ಪನ್ನು ಕೊಟ್ಟುದು, ಅಪಾಯವು ಅತಿ ಹೆಚ್ಚಾಗಿರುವ ಕಡೆಗೇ ಅದನ್ನು ಕಳುಹಿಸಿದಂತಾಯಿತು.

ಲಿಥಿಯಂ ಲವಣವನ್ನು ಉಳಿಸಿದುದು ಅಳತೆಯ ಉಪಕರಣ. ಜ್ವಾಲೆಯಲ್ಲಿ ಉರಿಸಿದಾಗ ಈ ಧಾತುವು ಕೆಂಪು ಬಣ್ಣವನ್ನು ಕೊಡುವುದು; ಆ ಬೆಳಕಿನ ತೀಕ್ಷ್ಣತೆಯನ್ನು ಅಳೆದು ರಕ್ತದಲ್ಲಿರುವ ಲಿಥಿಯಂ ಪ್ರಮಾಣವನ್ನು ನಿರ್ಣಯಿಸುವ ಕ್ರಮವನ್ನು ಮೆಲ್ಬೋರ್ನಿನಲ್ಲಿ ಎಡ್ವರ್ಡ್ ಟ್ರಾಟ್ನರ್ ಮೊದಲಾದವರು ಬಳಕೆಗೆ ತಂದರು. 1951ರಲ್ಲಿ ನೋಯಾಕ್ ಮತ್ತು ಟ್ರಾಟ್ನರ್ ನೂರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು ಪ್ರಕಟಿಸಿ, ರಕ್ತಪರೀಕ್ಷೆಯೊಡನೆ ಕೊಟ್ಟರೆ ಈ ಔಷಧವನ್ನು ನಿರ್ವಹಿಸಬಹುದೆಂದು ತೋರಿಸಿದರು. ಡೆನ್ಮಾರ್ಕಿನಲ್ಲಿ ಮೊಗೆನ್ಸ್ ಸ್ಕೌ ಎಂಬ ವೈದ್ಯನು 1954ರಲ್ಲಿ, ಯಾರಿಗೆ ಔಷಧ ಯಾರಿಗೆ ಔಷಧವಲ್ಲದ ಗುಳಿಗೆ ಎಂಬುದನ್ನು ಕೆಲವರ ವಿಷಯದಲ್ಲಿ ನಾಣ್ಯ ಚಿಮ್ಮಿ ನಿಶ್ಚಯಿಸಿ, ಪಕ್ಷಪಾತಕ್ಕೆ ಆಸ್ಪದವಿಲ್ಲದಂತೆ ಪ್ರಯೋಗ ನಡೆಸಿದನು. ಸ್ಕೌನ ಸ್ವಂತ ತಮ್ಮನೇ ಮರುಕಳಿಸುವ ವಿಷಾದರೋಗದಿಂದ ಬಳಲುತ್ತಿದ್ದು, ಮುಂದೆ ಲಿಥಿಯಂ ಸೇವನೆಯಿಂದ ಉಪಶಮನ ಹೊಂದಿದನೆಂಬುದನ್ನು ಸ್ಕೌ ತಾನೇ ತಿಳಿಸಿರುವನು.

ಸ್ಕೌ ಮತ್ತು ಅವನ ಸಹೋದ್ಯೋಗಿ ಬಾಸ್ಟ್ರುಪ್ 1967ರಲ್ಲಿ 88 ಮಂದಿ ಸ್ತ್ರೀಯರ ವೃತ್ತಾಂತವನ್ನು ಪ್ರಕಟಿಸಿ, ಈ ಔಷಧವು ಬಂದ ಉನ್ಮಾದವನ್ನು ಇಳಿಸುವುದಲ್ಲದೆ ಬರಬೇಕಾದ ರೋಗವನ್ನೂ ತಡೆಯುವುದೆಂದು ಸಾರಿದರು. ಇಂಗ್ಲೆಂಡಿನ ಬ್ಲ್ಯಾಕ್‌ವೆಲ್ ಮತ್ತು ಶೆಪರ್ಡ್ ಎಂಬುವರು ಮರುವರ್ಷವೇ ಇದನ್ನು ಪುರಾಣಕಥೆಯ ಸಾಲಿಗೆ ಸೇರಿಸಿ ತೀಕ್ಷ್ಣವಾಗಿ ಖಂಡಿಸಿದರು. ಆ ಖಂಡನೆ ಕಟುವಾಗಿದ್ದರೂ ಅದರಿಂದ ಉಪಕಾರವೇ ಆಯಿತು. ಡೇನರು ಮತ್ತೆ ಪ್ರಯೋಗಕ್ಕಿಳಿದರು. ಔಷಧದಿಂದ ಸ್ವಸ್ಥರಾಗಿದ್ದ 84 ಮಂದಿ ಸ್ತ್ರೀಯರಲ್ಲಿ, ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ, 39 ಮಂದಿಗೆ ಔಷಧವಿಲ್ಲದ ಗುಳಿಗೆಯನ್ನು ಕೊಟ್ಟು ನೋಡಿದರು. ಐದು ತಿಂಗಳಲ್ಲಿ ಅವರ ಪೈಕಿ 21 ಮಂದಿಗೆ ರೋಗವು ಮರುಕಳಿಸಿತು. ಔಷಧವನ್ನು ಮುಂದುವರಿಸಿದ 45 ಮಂದಿಯಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಇದು ಪ್ರಕಟವಾದುದು 1970ರಲ್ಲಿ. ಅದೇ ವರ್ಷ ಅಮೆರಿಕದ ಸರಕಾರವು ಉನ್ಮಾದಕ್ಕೆ ಈ ಔಷಧವನ್ನು ಅಂಗೀಕರಿಸಿತು.

ಔಷಧವು ಹೀಗೆ ಗೆದ್ದಿತು. ಆದರೆ ರೋಗವನ್ನು ತಡೆಯುವುದಕ್ಕೆ ಕೊಡುವ ಔಷಧವೆಂದರೆ ವರ್ಷಾನುವರ್ಷ, ಎಷ್ಟೋ ವೇಳೆ ಬಾಳಿನುದ್ದಕ್ಕೂ ಕೊಡುವ ಔಷಧ. ಜ್ವರದ ಕಷಾಯದ ಕಹಿಯನ್ನು ಮೂರು ದಿನ ಸಹಿಸಬಹುದು. ಮೂವತ್ತು ವರ್ಷ ಸಹಿಸಬೇಕಾದ ಕಹಿಯ ಮಾತೇ ಬೇರೆ. ಆದುದರಿಂದ 1970ರ ಅನಂತರದ ಚರಿತ್ರೆಯು ಬಹುಭಾಗ ಉಪದ್ರವಗಳ ಚರಿತ್ರೆಯಾಗಿದೆ.

ಆ ಉಪದ್ರವಗಳಲ್ಲಿ ಮೊದಲನೆಯದು ದಾಹ. ನೀರನ್ನು ಉಳಿಸಿಕೊಳ್ಳುವಂತೆ ಮೆದುಳಿನಿಂದ ಬರುವ ಆಜ್ಞೆಯನ್ನು ಮೂತ್ರಪಿಂಡಗಳು ಪಾಲಿಸದಂತೆ ಲಿಥಿಯಂ ಮಾಡುವುದು. ಮೂತ್ರವು ಹೆಚ್ಚುವುದು, ಬಾಯಾರುವುದು, ರಾತ್ರಿಯಲ್ಲಿ ಹಲವು ಸಲ ಏಳಬೇಕಾಗುವುದು. ಎರಡನೆಯದು ಕೈಯ ಸೂಕ್ಷ್ಮ ಕಂಪನ. ಅಕ್ಷರ ಕೆಡುವುದು, ನಾಲ್ಕು ಜನರ ಮುಂದೆ ಕಾಫಿಯ ಲೋಟವನ್ನು ಎತ್ತಲು ಸಂಕೋಚವಾಗುವುದು. ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸುವಿಕೆ, ಭೇದಿ, ದೇಹದ ತೂಕ ಏರುವುದು ಇವೂ ಉಂಟು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಈ ಔಷಧದಿಂದ ಊದಿಕೊಳ್ಳಬಹುದೆಂದು ಸ್ಕೌ ಮತ್ತು ಅವನ ಜತೆಯವರೇ 1968ರಲ್ಲಿ ವರದಿ ಮಾಡಿದರು. ಆ ಗ್ರಂಥಿಯ ಕೆಲಸ ಕುಂದಿದರೆ ಆಲಸ್ಯವೂ ವಿಷಾದವೂ ತಲೆದೋರಿ, ಔಷಧದ ಉಪದ್ರವವನ್ನು ರೋಗವೆಂದೇ ತಿಳಿಯುವ ಭ್ರಮೆಗೆ ಎಡೆಯಾಗುವುದು. 1977ರಲ್ಲಿ ಡೆನ್ಮಾರ್ಕಿನಿಂದಲೇ, ಬಹುಕಾಲ ಲಿಥಿಯಂ ಸೇವಿಸಿದ ಕೆಲವರ ಮೂತ್ರಪಿಂಡಗಳಲ್ಲಿ ಹಾನಿಯ ಚಿಹ್ನೆಗಳು ಕಂಡುವೆಂಬ ವರದಿಯೂ ಬಂದು ವೈದ್ಯಲೋಕವನ್ನು ಕಳವಳಗೊಳಿಸಿತು. ಔಷಧದ ಪಕ್ಷವನ್ನು ಹಿಡಿದ ದೇಶದಿಂದಲೇ ಅದರ ದೋಷಗಳ ವರದಿಯೂ ಹೊರಟುದು ಆ ವೈದ್ಯರ ಸತ್ಯನಿಷ್ಠೆಗೆ ಸಾಕ್ಷಿಯಾಗಿದೆ.

ಈ ದೋಷಗಳಿಗೆ ಪರಿಹಾರಗಳೂ ಒಂದೊಂದಾಗಿ ದೊರೆತುವು. ಕೈಯ ಕಂಪನಕ್ಕೆ ಪ್ರಮಾಣವನ್ನು ಇಳಿಸುವುದು, ಸಾಲದಿದ್ದರೆ ಪ್ರೊಪ್ರನಲಾಲ್ ಎಂಬ ಔಷಧ. ಥೈರಾಯ್ಡ್ ಕುಂದಿದರೆ ಆ ಗ್ರಂಥಿಯ ಸಾರವನ್ನೇ ಗುಳಿಗೆಯಾಗಿ ಕೊಡುವುದು. ಬಹುಮೂತ್ರಕ್ಕೆ ಕೆಲವರಿಗೆ ದಿನದ ಔಷಧವನ್ನೆಲ್ಲಾ ರಾತ್ರಿ ಒಂದೇ ಸಲ ಕೊಡುವುದು. ಬಾಯಾರಿಕೆಗೆ ಸಕ್ಕರೆಯ ಪಾನಕಗಳನ್ನು ಬಿಟ್ಟು ಬರಿಯ ನೀರನ್ನು ಕುಡಿಯುವುದು, ಏಕೆಂದರೆ ತೂಕವೇರುವುದಕ್ಕೆ ಆ ಪಾನಕಗಳೂ ಒಂದು ಕಾರಣ. ಮುಖ್ಯವಾದ ಪರಿಹಾರವೆಂದರೆ ಮಾತ್ರೆಯ ಮಿತಿಯನ್ನೇ ಪುನಃ ನಿಷ್ಕರ್ಷಿಸುವುದು. 1989ರಲ್ಲಿ ಅಮೆರಿಕದ ಗೆಲೆನ್‌ಬರ್ಗ್ ಮೊದಲಾದವರು 94 ರೋಗಿಗಳನ್ನು ಎರಡು ಪಂಗಡವಾಗಿ ವಿಭಾಗಿಸಿ ನೋಡಿದರು. ರಕ್ತದಲ್ಲಿ ಲೀಟರಿಗೆ 0.8ರಿಂದ 1.0 ಮಿಲಿಮೋಲ್ ಲಿಥಿಯಂ ಇದ್ದವರಲ್ಲಿ ರೋಗದ ಮರುಕಳಿಕೆ ಕಡಮೆಯಾಗಿಯೂ ಉಪದ್ರವ ಹೆಚ್ಚಾಗಿಯೂ ಇದ್ದಿತು, 0.4ರಿಂದ 0.6 ಇದ್ದವರಲ್ಲಿ ಉಪದ್ರವ ಕಡಮೆ, ಮರುಕಳಿಕೆ ಹೆಚ್ಚು. ತಕ್ಕಡಿಯ ಎರಡು ತಟ್ಟೆಗಳೂ ಇಲ್ಲಿ ಕಣ್ಣಿಗೆ ಕಾಣುವಂತಾದುವು. ಬಹುಮಂದಿಗೆ 0.6ರಿಂದ 0.8ರ ಸುಮಾರಿನಲ್ಲಿರಿಸಿ, ಅವರವರ ಪ್ರಕೃತಿಯನ್ನು ನೋಡಿ ಏರಿಸುವುದೋ ಇಳಿಸುವುದೋ ಈಗಿನ ಪದ್ಧತಿ. 1.5ನ್ನು ಮೀರಿದರೆ ವಿಷಲಕ್ಷಣಗಳ ಭಯವುಂಟು: ಒರಟಾದ ನಡುಕ, ವಾಂತಿ, ತೊದಲು ಮಾತು, ತೂರಾಡುವ ನಡೆ, ಮಂಪರ. ಇವು ಕಂಡೊಡನೆಯೇ ಆಸ್ಪತ್ರೆಗೆ ಧಾವಿಸತಕ್ಕದ್ದು.

ಸಂಖ್ಯೆಗಳಿಗೆ ಸಿಕ್ಕದ ಉಪದ್ರವಗಳೂ ಇವೆ. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಎಂಬ ವಿದುಷಿಯು ಈ ವ್ಯಾಧಿಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ; ತಾನೇ ಈ ವ್ಯಾಧಿಗೆ ಒಳಗಾದವಳು. ಎಪ್ಪತ್ತರ ದಶಕದಲ್ಲಿ ಅಂದಿನ ಪದ್ಧತಿಯಂತೆ ಹೆಚ್ಚಿನ ಪ್ರಮಾಣದ ಲಿಥಿಯಂ ಸೇವಿಸಿದಾಗ ಆಕೆಗೆ ವಾಂತಿ, ಕಂಪನಗಳಲ್ಲದೆ ಓದುವ ಶಕ್ತಿಯೇ ಕುಗ್ಗಿತು. ಪುಟದ ಮೇಲೆ ಮನಸ್ಸು ನಿಲ್ಲದು, ಓದಿದುದು ಉಳಿಯದು. ಗ್ರಂಥವೇ ಜೀವನವಾಗಿದ್ದ ಆಕೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಗಂಭೀರವಾದ ಸಾಹಿತ್ಯವನ್ನು ಓದಲಾರದೆ, ಮಕ್ಕಳ ಪುಸ್ತಕಗಳನ್ನು ಆಶ್ರಯಿಸಬೇಕಾಯಿತು. ಔಷಧವನ್ನು ಹಲವು ಸಲ ಬಿಟ್ಟಳು. ಬಿಟ್ಟಾಗಲೆಲ್ಲಾ ರೋಗವು ಮರಳಿತು. ಒಮ್ಮೆ ಪ್ರಾಣಕ್ಕೇ ಸಂಚಕಾರ ಬಂದಿತು. ಕೊನೆಗೆ ಪ್ರಮಾಣವನ್ನು ಇಳಿಸಿದಾಗ ಓದು ಮರಳಿ ಬಂದಿತು, ರೋಗವೂ ಹತೋಟಿಯಲ್ಲಿ ನಿಂತಿತು. 1995ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಇವನ್ನೆಲ್ಲಾ ಆಕೆ ನಿರ್ಭಯವಾಗಿ ಬರೆದಿರುವಳು. ಔಷಧವು ತನ್ನ ಜೀವವನ್ನು ಉಳಿಸಿತೆಂಬುದನ್ನೂ, ಅದು ತನ್ನಿಂದ ಕಸಿದುಕೊಂಡುದನ್ನೂ ಒಂದೇ ಉಸಿರಿನಲ್ಲಿ ಹೇಳಿದುದು ಆ ಗ್ರಂಥದ ಹಿರಿಮೆ.

ಔಷಧವು ಪ್ರತಿಭೆಯನ್ನು ಕೊಲ್ಲುವುದೆಂಬ ಭಯವೂ ಕೆಲವರನ್ನು ಔಷಧದಿಂದ ದೂರಮಾಡಿದೆ. ಸ್ಕೌ ಇದನ್ನೂ ವಿಚಾರಿಸಿದನು. ಲಿಥಿಯಂ ಸೇವಿಸುತ್ತಿದ್ದ 24 ಮಂದಿ ಕಲಾವಿದರನ್ನೂ ಲೇಖಕರನ್ನೂ ಕೇಳಿ 1979ರಲ್ಲಿ ಪ್ರಕಟಿಸಿದ ವಿವರದಂತೆ, 12 ಮಂದಿ ತಮ್ಮ ಕೃತಿರಚನೆ ಹೆಚ್ಚಿತೆಂದೂ, 6 ಮಂದಿ ವ್ಯತ್ಯಾಸವಿಲ್ಲವೆಂದೂ, 6 ಮಂದಿ ಕಡಮೆಯಾಯಿತೆಂದೂ ಹೇಳಿದರು. ಭಯವು ಬಹುಮಂದಿಯ ಪಾಲಿಗೆ ಮಿಥ್ಯೆ. ಆದರೆ ಕೊನೆಯ ಆರು ಮಂದಿಯ ಮಾತನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ.

ಕನ್ನಡನಾಡಿನವರಿಗೂ ಈ ಚರಿತ್ರೆ ದೂರದ್ದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974ರಿಂದ ನಿಮ್ಹಾನ್ಸ್ ಎಂದು ಹೆಸರಾದ ಸಂಸ್ಥೆಯು ಈ ವ್ಯಾಧಿಯ ಚಿಕಿತ್ಸೆಯಲ್ಲಿ ದೇಶಕ್ಕೇ ಪ್ರಮುಖವಾಗಿದೆ. ಇಲ್ಲಿಯ ಬದುಕಿಗೆ ವಿಶೇಷವಾಗಿ ಅನ್ವಯಿಸುವ ಕೆಲವು ಪಥ್ಯಗಳುಂಟು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಬೆವರಿನೊಡನೆ ನೀರೂ ಉಪ್ಪೂ ಹೋಗುವುವು, ವಾಂತಿಭೇದಿಯಾದಾಗಲೂ ಹಾಗೆಯೇ. ಏಕಾದಶಿಯ ನಿರ್ಜಲೋಪವಾಸ, ಉಪ್ಪಿಲ್ಲದ ಊಟದ ವ್ರತ, ರಕ್ತದೊತ್ತಡಕ್ಕೆಂದು ತಾನಾಗಿಯೇ ಉಪ್ಪನ್ನು ಥಟ್ಟನೆ ಬಿಡುವುದು, ಇವೆಲ್ಲಾ ಲಿಥಿಯಂ ಸೇವಿಸುವವನ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸಬಲ್ಲುವು. ಮೈಕೈ ನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್ ಮೊದಲಾದ ಗುಳಿಗೆಗಳೂ, ಮೂತ್ರವನ್ನು ಹೆಚ್ಚಿಸುವ ಕೆಲವು ರಕ್ತದೊತ್ತಡದ ಔಷಧಗಳೂ ಇದೇ ಅಪಾಯವನ್ನು ತರುವುವು. 1949ರಲ್ಲಿ ಅಮೆರಿಕದ ಹೃದ್ರೋಗಿಗಳನ್ನು ಕೊಂದ ಕಾರಣವೇ ಇಲ್ಲಿಯೂ ಹೊಂಚುಹಾಕಿರುವುದು. ವ್ರತವನ್ನು ಹಿಡಿಯುವ ಮುನ್ನ ವೈದ್ಯನಿಗೆ ತಿಳಿಸುವುದು ಧರ್ಮಕ್ಕೆ ವಿರೋಧವಲ್ಲ. ಆತುರನಿಗೆ ಶಾಸ್ತ್ರಗಳೇ ನಿಯಮಗಳಿಂದ ವಿನಾಯಿತಿಯನ್ನು ಕೊಟ್ಟಿವೆ. ಕೊನೆಯ ಗುಳಿಗೆಯನ್ನು ನುಂಗಿ 12 ಗಂಟೆಗಳಾದ ಮೇಲೆ ರಕ್ತ ಕೊಟ್ಟು ಪ್ರಮಾಣವನ್ನು ನೋಡಿಸುವುದು, ಮೂತ್ರಪಿಂಡ ಮತ್ತು ಥೈರಾಯ್ಡುಗಳ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸುವುದು, ಇವನ್ನು ಔಷಧದ ಒಂದು ಅಂಗವೆಂದೇ ತಿಳಿಯಬೇಕು.

ರೋಗಿಯು ಔಷಧವನ್ನು ಬಿಟ್ಟರೆ ಮನೆಯವರು ಅದನ್ನು ಹಟವೆಂದೂ ಅವಿವೇಕವೆಂದೂ ಬಯ್ಯುವುದು ಸಾಮಾನ್ಯ. ಈ ಚರಿತ್ರೆಯನ್ನು ಪರ್ಯಾಲೋಚಿಸಿದರೆ ಆ ಬಯ್ಗಳಲ್ಲಿ ನ್ಯಾಯವು ಅರ್ಧವೇ ಎಂದು ತೋರುವುದು. ಬಿಟ್ಟವನ ಗತಿ ಏನಾಗಬಹುದೆಂಬುದಕ್ಕೆ ಡೆನ್ಮಾರ್ಕಿನ 39 ಮಂದಿ ಸಾಕ್ಷಿ. ಆದುದರಿಂದ ತಾನೇ ತಾನಾಗಿ ಬಿಡತಕ್ಕುದಲ್ಲ. ಆದರೆ ಬಿಟ್ಟವನಿಗೆ ಕಾರಣವಿದ್ದಿತು. ಬಾಯಾರಿಕೆಯೋ, ನಡುಗುವ ಕೈಯೋ, ಮಂಕಾದ ಬುದ್ಧಿಯೋ ಅವನನ್ನು ದಿನದಿನವೂ ಕಾಡುತ್ತಿದ್ದು, ಹೇಳಿದರೆ ಕೇಳುವವರಿರಲಿಲ್ಲ. ಹಿಂದಿನ ವೈದ್ಯರು ಹೆಚ್ಚಿನ ಪ್ರಮಾಣವನ್ನೇ ಸರಿಯೆಂದು ತಿಳಿದಿದ್ದಾಗ, ಅದು ಹೆಚ್ಚೆಂದು ಮೊದಲು ತಿಳಿದುದು ರೋಗಿಯ ದೇಹಕ್ಕೆ. ವೈದ್ಯರ ಲೆಕ್ಕವು ಅನಂತರ ಅದನ್ನು ಒಪ್ಪಿಕೊಂಡಿತು.

ಭಿಷಕ್, ದ್ರವ್ಯ, ಉಪಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕನು ಹೇಳಿ, ರೋಗಿಗೂ ನಾಲ್ಕು ಗುಣಗಳನ್ನು ವಿಧಿಸಿರುವನು. ನೆನಪಿರಬೇಕು, ವೈದ್ಯನ ಮಾತಿನಂತೆ ನಡೆಯಬೇಕು, ಅಂಜಬಾರದು, ತನ್ನ ಬಾಧೆಯನ್ನು ತಿಳಿಯಹೇಳಬಲ್ಲವನಾಗಿರಬೇಕು. ಕೊನೆಯದಕ್ಕೆ ಜ್ಞಾಪಕತ್ವವೆಂದು ಹೆಸರು. ವೈದ್ಯನ ಮಾತಿನಂತೆ ನಡೆಯೆಂದು ರೋಗಿಗೆ ಎಲ್ಲರೂ ಹೇಳುವರು. ನಿನ್ನ ಬಾಧೆಯನ್ನು ಹೇಳು ಎಂದು ಕೇಳುವವರು ವಿರಳ. ಹೇಳುವುದು ರೋಗಿಯ ಗುಣವಾದರೆ ಕೇಳುವುದು ಭಿಷಕ್ಕಿನ ಮತ್ತು ಉಪಚಾರಕನ ಕರ್ತವ್ಯ. ಲಿಥಿಯಂ ಲವಣವನ್ನು ಸೇವಿಸುವವರು ಕನ್ನಡನಾಡಿನ ಎಷ್ಟೋ ಮನೆಗಳಲ್ಲಿರುವರು. ಅವರ ಬಾಯಾರಿಕೆ, ನಡುಕ, ಮರೆವುಗಳನ್ನು ಮನೆಯವರು ತಾಳ್ಮೆಯಿಂದ ಕೇಳಿ, ಬರೆದಿಟ್ಟು, ಮುಂದಿನ ಸಲ ವೈದ್ಯನ ಬಳಿಗೆ ಹೋದಾಗ ಅವನ ಮುಂದಿಡುವುದಾದರೆ, ಮಾತ್ರೆಯ ಮಿತಿಯನ್ನು ಕಂಡುಕೊಳ್ಳುವ ಕಾರ್ಯದಲ್ಲಿ ಅವರೂ ಭಾಗಿಗಳಾಗುವರು.